ಹೊಳೆ ತುಂಬಿತ್ತು, ಗದ್ದೆ ಒಣಗಿತ್ತು

ನಮ್ಮ ತಂದೆಯವರು ತಮ್ಮ ಎಪ್ಪತ್ತನಾಲ್ಕು ವರ್ಷಗಳಲ್ಲಿ ಒಮ್ಮೆಯೂ ವಿಮಾನವನ್ನೇರಿದವರಲ್ಲ. ಸಿರುಗುಪ್ಪದ ನಮ್ಮ ಗದ್ದೆಯ ಬದುವಿನ ಮೇಲೆ ನಿಂತು, ಹಣೆಗೆ ಕೈಯಡ್ಡ ಹಿಡಿದು, ಮುಗಿಲಲ್ಲಿ ಹೋಗುವ ವಿಮಾನಗಳನ್ನು ನೋಡಿದ್ದುಂಟು, ಅಷ್ಟೆ. 2017ರಲ್ಲಿ ಉಡಾನ್ ಯೋಜನೆಯ ದೆಸೆಯಿಂದ ತೋರಣಗಲ್ಲಿನ ನಿಲ್ದಾಣಕ್ಕೆ ಎಟಿಆರ್ ವಿಮಾನ ಬರತೊಡಗಿದಾಗ ಕರೆದೊಯ್ಯುತ್ತೇನೆಂದೆ. "ಸುಗ್ಗಿ ಮುಗೀಲಿ" ಎಂದರು. ಸುಗ್ಗಿ ಮುಗಿಯುವಷ್ಟರಲ್ಲಿ ಮೊಣಕಾಲು ಹಿಡಿಯಿತು. ಈಗ ಬಳ್ಳಾರಿಯಲ್ಲಿ ನನ್ನೊಡನಿದ್ದಾರೆ; ಊರಿನವರೆಗೆ ಬಸ್ಸಿನಲ್ಲಿ ಕುಳಿತು ಹೋಗುವುದೂ ಅವರಿಂದಾಗದು. ಅವರನ್ನು ಊರಿನ ಮೇಲೆ ಒಮ್ಮೆ ಹಾರಿಸಿ ತರಬೇಕೆಂಬ ಹಂಬಲದಿಂದ, ಪಂಪ-ರನ್ನರ ಪಾಠ ಹೇಳುವ ನಾನು ಮನೆಯ ಕಂಪ್ಯೂಟರಿನಲ್ಲಿ ವಿಮಾನ ನಡೆಸಲು ಕಲಿತೆ.

ಇಂಥ ಹಾರಾಟಕ್ಕೆ ಸಿಮ್ಯುಲೇಟರ್ ಎಂದು ಹೆಸರು. ಇದು ಹೊಸದೇನೂ ಅಲ್ಲ. ಅಮೆರಿಕದ ಎಡ್ವಿನ್ ಲಿಂಕ್ ಎಂಬಾತ 1929ರ ಸುಮಾರಿಗೆ, ತನ್ನ ತಂದೆಯ ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದ ಆರ್ಗನ್ ವಾದ್ಯದ ತಿದಿಗಳನ್ನೇ ಬಳಸಿ, ನೆಲ ಬಿಟ್ಟೇಳದ ವಿಮಾನವೊಂದನ್ನು ನಿರ್ಮಿಸಿದ. ಎರಡನೆಯ ಮಹಾಯುದ್ಧದ ಎಷ್ಟೋ ವೈಮಾನಿಕರು ಮೊದಲು ಅದರೊಳಗೆ ಕುಳಿತು ಕಲಿತವರು. 1982ರಲ್ಲಿ ಮೈಕ್ರೋಸಾಫ್ಟ್ ಸಂಸ್ಥೆ ಇದೇ ವಿದ್ಯೆಯನ್ನು ಮನೆಯ ಮೇಜಿನ ಮೇಲಕ್ಕೆ ತಂದಿತು. ನನ್ನಲ್ಲಿರುವುದು ಆಸ್ಟಿನ್ ಮೈಯರ್ ಎಂಬವರು ಹುಟ್ಟುಹಾಕಿದ ಎಕ್ಸ್-ಪ್ಲೇನ್. ಅದರ ಹನ್ನೊಂದನೆಯ ಆವೃತ್ತಿ. 2020ರ ಮೈಕ್ರೋಸಾಫ್ಟ್ ಸಿಮ್ಯುಲೇಟರು ಭೂಮಂಡಲದ ಚಿತ್ರವನ್ನೆಲ್ಲ ಅಂತರ್ಜಾಲದಿಂದ ಆಗಿಂದಾಗಲೇ ತರಿಸಿಕೊಳ್ಳುತ್ತದೆ. ನನ್ನ ಹಳೆಯ ಯಂತ್ರಕ್ಕೂ ನಮ್ಮ ಓಣಿಯ ಅಂತರ್ಜಾಲಕ್ಕೂ ಅಷ್ಟು ತ್ರಾಣವಿಲ್ಲ.

ಮೊದಲ ದಿನ ತೋರಣಗಲ್ಲಿನಿಂದ ನಾನೊಬ್ಬನೇ ಹಾರಿ ಹೋಗಿ ನೋಡಿದರೆ, ಕೆಳಗಿದ್ದದ್ದು ಸಿರುಗುಪ್ಪವಾಗಿರಲಿಲ್ಲ. ಯಾವುದೋ ಪರದೇಶದ ಬಡಾವಣೆಯಂತೆ ಇಳಿಜಾರು ಮಾಡಿನ ಮನೆಗಳು, ಅಂಚಿನಲ್ಲಿ ಅಡವಿ! ತಯಾರಕರು ಲೋಕದ ಪ್ರತಿಯೊಂದು ಊರನ್ನೂ ಚಿತ್ರಿಸುವುದು ಸಾಧ್ಯವೆ? ಇಲ್ಲಿ ಪೈರು, ಇಲ್ಲಿ ಪಟ್ಟಣ ಎಂದು ಒಂದು ಅಂದಾಜು ನಕ್ಷೆಯನ್ನಿಟ್ಟುಕೊಂಡು ಸಿದ್ಧವಾದ ಬಟ್ಟೆಯನ್ನು ಹೊದಿಸಿಬಿಡುತ್ತಾರೆ. ಅಳತೆಗೆ ಹೊಲಿಸಿಕೊಳ್ಳುವುದು ನಮ್ಮ ಹೊಣೆ.

ಹಾಗೆ ಹೊಲಿದುಕೊಡುವ ಪೂರಕ ಉಪಕರಣಗಳು ಹಲವಿವೆ. ಬಹುಪಾಲು ಹವ್ಯಾಸಿಗಳು ಬಿಡುವಿನಲ್ಲಿ ರಚಿಸಿ ಉಚಿತವಾಗಿ ಹಂಚಿದವು. ಹಾದಿ ತೋರುವುದಕ್ಕೆ ಲಿಟಲ್ ನ್ಯಾವ್‌ಮ್ಯಾಪ್ ಎಂಬುದಿದೆ. ವಿಮಾನ ಎಲ್ಲಿದೆಯೆಂಬುದನ್ನು ನಕ್ಷೆಯ ಮೇಲೆ ಚಲಿಸುವ ಚಿಹ್ನೆಯಾಗಿ ಅದು ತೋರಿಸುತ್ತದೆ. ನನಗೆ ಎಲ್ಲಕ್ಕಿಂತ ಒದಗಿಬಂದದ್ದು ಆರ್ಥೋ4ಎಕ್ಸ್‌ಪಿ. ಉಪಗ್ರಹ ಮತ್ತು ವಿಮಾನಗಳಿಂದ ತೆಗೆದ ನೆಲದ ಚಿತ್ರಗಳನ್ನು ತರಿಸಿ, ಅಕ್ಷಾಂಶ ರೇಖಾಂಶಗಳ ಒಂದೊಂದು ಡಿಗ್ರಿಯ ಹಂಚುಗಳಾಗಿ ಕತ್ತರಿಸಿ, ಸಿಮ್ಯುಲೇಟರಿನ ನೆಲಕ್ಕೆ ಅದು ಹಾಸುತ್ತದೆ. ನಮ್ಮ ಅದೃಷ್ಟವನ್ನು ನೋಡಿ: 15ನೆಯ ಅಕ್ಷಾಂಶ, 76ನೆಯ ರೇಖಾಂಶದ ಒಂದೇ ಹಂಚಿನಲ್ಲಿ ಬಳ್ಳಾರಿ, ಕುರುಗೋಡು, ಸಿರುಗುಪ್ಪ, ಹಂಪೆ, ತುಂಗಭದ್ರಾ ಅಣೆಕಟ್ಟು ಎಲ್ಲವೂ ಅಡಗಿವೆ. ಆದರೆ ಬಳ್ಳಾರಿಯಿಂದ ಪೂರ್ವಕ್ಕೆ ಮೂರು ನಿಮಿಷ ಹಾರಿದರೆ, ಹಗರಿ ಹೊಳೆಯ ಆಸುಪಾಸಿನಲ್ಲಿ, 77ನೆಯ ರೇಖೆ ದಾಟುತ್ತಲೇ ಗೆರೆ ಕೊರೆದಂತೆ ನಮ್ಮ ನೆಲ ಮುಗಿದು ಮತ್ತೆ ಆ ಪರದೇಶದ ಅಡವಿ ಆರಂಭವಾಗುತ್ತದೆ. ಚಿತ್ರದ ಸ್ಪಷ್ಟತೆಯನ್ನು ಒಂದು ಮೆಟ್ಟಿಲು ಏರಿಸಿದರೆ ಕಡತದ ಗಾತ್ರ ಸುಮಾರು ನಾಲ್ಮಡಿಯಾಗುವುದರಿಂದ ಆಸೆಗೆ ಮಿತಿಯಿರಬೇಕು. ನಾನು ಹದಿನೇಳನೆಯ ಮೆಟ್ಟಿಲಿನಲ್ಲಿ ನಿಂತೆ. ಅಲ್ಲಿ ಚಿತ್ರದ ಒಂದು ಚುಕ್ಕೆ ನೆಲದ ಮೇಲೆ ಒಂದು ಮೀಟರಿಗಿಂತ ತುಸು ಹೆಚ್ಚು. ರಾತ್ರಿಯೆಲ್ಲ ಯಂತ್ರ ಓಡಿತು.

ಬೆಳಿಗ್ಗೆ ತಂದೆಯವರನ್ನು ದಿಂಬಿಗೆ ಒರಗಿಸಿ ಕೂಡಿಸಿದೆ. ಸಣ್ಣ ಸೆಸ್ನಾ ವಿಮಾನ. ಒಂಬತ್ತು ನಿಮಿಷದಲ್ಲಿ ಬಳ್ಳಾರಿ ಗುಡ್ಡ ಬಂತು. ನೆಲದ ಏರುತಗ್ಗುಗಳೆಲ್ಲ 2000ದ ಫೆಬ್ರುವರಿಯಲ್ಲಿ ಎಂಡೆವರ್ ನೌಕೆ ಹನ್ನೊಂದು ದಿನ ಭೂಮಿಯನ್ನು ಸುತ್ತಿ ರೇಡಾರಿನಿಂದ ಅಳೆದ ಲೆಕ್ಕದವು. ಮೂವತ್ತು ಮೀಟರಿಗೊಂದು ಅಳತೆಯಾದುದರಿಂದ ನಮ್ಮ ಬಂಡೆಗಳ ಗಡುಸೆಲ್ಲ ಕರಗಿ, ಗುಡ್ಡಗಳು ಬೋರಲು ಹಾಕಿದ ಬುಟ್ಟಿಗಳಂತೆ ಕಾಣುತ್ತವೆ. ಕೋಟೆಯ ಗುಡ್ಡಕ್ಕಿಂತ ಎದುರಿನ ಕುಂಬಾರ ಗುಡ್ಡವೇ ಎತ್ತರವೆಂಬುದನ್ನು ಗಮನಿಸದೆ ಕೋಟೆ ಕಟ್ಟಿಸಿದ ಫ್ರೆಂಚ್ ಎಂಜಿನಿಯರನನ್ನು ಹೈದರಾಲಿ ಗಲ್ಲಿಗೇರಿಸಿದನೆಂದು ನಮ್ಮಲ್ಲಿ ಹೇಳಿಕೆಯುಂಟು. ಪಾಪ, ಆತನಿಗೆ ಎಂಡೆವರಿನ ಲೆಕ್ಕ ದೊರೆತಿದ್ದರೆ ಕೊರಳು ಉಳಿಯುತ್ತಿತ್ತೇನೋ!

ಕುರುಗೋಡಿನಲ್ಲಿ ತಂದೆಯವರು ಕೈ ಮುಗಿದರು. ದೊಡ್ಡ ಬಸವೇಶ್ವರನ ಗುಡಿ ಅಲ್ಲಿ ನೆಲಕ್ಕೆ ಅಂಟಿದ ಚಪ್ಪಟೆ ಚಿತ್ರ ಮಾತ್ರ. ಮೇಲಿನಿಂದ ಕಂಡದ್ದು ಅವರಿಗೆ ಸಾಕಾಯಿತು. ಮುಂದೆ ಉತ್ತರಕ್ಕೆ ಹತ್ತು ನಿಮಿಷ. ತುಂಗಭದ್ರೆ ಬೆಳ್ಳಗೆ ಹೊಳೆಯುತ್ತ ಬಂದಳು. ಊರ ರಸ್ತೆ ಸಿಕ್ಕಿತು, ಕಾಲುವೆ ಸಿಕ್ಕಿತು, ನಮ್ಮ ಮನೆಯ ಮಾಳಿಗೆ ಸಹ ಸಿಕ್ಕಿತು. ನಾನು ಹೆಮ್ಮೆಯಿಂದ ಅವರ ಮುಖ ನೋಡಿದೆ. ಅವರ ಹುಬ್ಬು ಗಂಟಿಕ್ಕಿತ್ತು.

"ತಮ್ಮಾ, ಹೊಳಿ ತುಂಬೇತಿ. ಗದ್ದಿ ಯಾಕ ಒಣಗ್ಯಾವು?"

ಉತ್ತರಿಸಲು ನನಗೆ ಆ ದಿನವೆಲ್ಲ ಹಿಡಿಯಿತು. ನೆಲದ ಚಿತ್ರ ತೆಗೆದದ್ದು ಯಾವುದೋ ಬೇಸಗೆಯಲ್ಲಿ, ಕಾಲುವೆಗೆ ನೀರು ನಿಂತ ಮೇಲೆ. ಮೋಡವಿಲ್ಲದ ಕಾಲವೆಂದು ಇಂಥ ಚಿತ್ರಗಳಿಗೆ ಆ ದಿನಗಳೇ ಹೆಚ್ಚಾಗಿ ಆಯ್ಕೆಯಾಗುತ್ತವೆ. ಹೊಳೆಯ ನೀರು ಆ ಚಿತ್ರದ್ದಲ್ಲ. ಅದು ಬಂದದ್ದು ಓಪನ್‌ಸ್ಟ್ರೀಟ್‌ಮ್ಯಾಪಿನಿಂದ. 2004ರಲ್ಲಿ ಇಂಗ್ಲೆಂಡಿನಲ್ಲಿ ಆರಂಭವಾಗಿ ಲೋಕದ ಸ್ವಯಂಸೇವಕರು ಬರೆಯುತ್ತಿರುವ ನಕ್ಷೆ ಅದು. ಯಾರೋ ಪುಣ್ಯಾತ್ಮರು ತುಂಗಭದ್ರೆಯ ಎರಡು ದಡಗಳನ್ನು ಗುರುತಿಸಿದ್ದಾರೆ. ಉಪಕರಣವು ಆ ದಡಗಳ ನಡುವೆ ಹನ್ನೆರಡು ತಿಂಗಳೂ ನೀರು ತುಂಬಿಸುತ್ತದೆ. ಎರಡೂ ಸುಳ್ಳಲ್ಲ, ಎರಡು ಕಾಲದ ಸತ್ಯಗಳನ್ನು ಒಂದೇ ನೆಲಕ್ಕೆ ಹೊಲಿದಿತ್ತು. ವಾರಗಟ್ಟಲೆ ನೋಡಿದ್ದರೂ ನನಗೆ ಇದು ಹೊಳೆದಿರಲಿಲ್ಲ. ಹೊಳೆ ತುಂಬಿ ಗದ್ದೆ ಒಣಗುವುದೆಂದರೆ ಅವರ ಪಾಲಿಗೆ ಒಂದೇ ಅರ್ಥ: ಕಾಲುವೆ ಒಡೆದಿದೆ, ಇಲ್ಲವೆ ಮೇಲಿನವರು ನೀರು ಬಿಟ್ಟಿಲ್ಲ. ಆ ರಾತ್ರಿ ಅವರು ಸರಿಯಾಗಿ ಉಣ್ಣಲಿಲ್ಲ. ಆಟವೆಂದು ಎಷ್ಟು ಹೇಳಿದರೂ, "ಗೊತ್ತೈತಿ" ಎಂದು ಮಗ್ಗುಲಾದರು.

ಬೇರೆ ಚಿತ್ರ ಹುಡುಕಿದೆ. ಐರೋಪ್ಯರ ಸೆಂಟಿನೆಲ್-2 ಉಪಗ್ರಹಗಳು 2015ರಿಂದ ಭೂಮಿಯನ್ನು ಚಿತ್ರಿಸುತ್ತಿವೆ. ಯಾರು ಬೇಕಾದರೂ ದಿನಾಂಕವನ್ನಾರಿಸಿ ಉಚಿತವಾಗಿ ಪಡೆಯಬಹುದು. ಅಕ್ಟೋಬರಿನ ಮೋಡವಿಲ್ಲದ ಒಂದು ದಿನವನ್ನಾರಿಸಿದೆ. ಅದನ್ನು ಕತ್ತರಿಸಿ ಹಾಸುವುದಕ್ಕೆ ಎರಡು ಭಾನುವಾರ ಹಿಡಿದವು. ಆದರೆ ಇಲ್ಲಿ ಒಂದು ಚುಕ್ಕೆಗೆ ಹತ್ತು ಮೀಟರು. ಮಾಳಿಗೆ ಹೋಯಿತು, ಓಣಿ ಹೋಯಿತು, ಊರು ಕಂಬಳಿಯ ಮೇಲಿನ ಬೂದಿಯ ಗುರುತಿನಂತಾಯಿತು. ಸುತ್ತಲೂ ಮಾತ್ರ ಕಣ್ಣು ಹಾಯುವವರೆಗೆ ಹಸಿರು ಭತ್ತ.

ಎರಡನ್ನೂ ತೋರಿಸಿ, ಯಾವುದಿರಲೆಂದು ಕೇಳಿದೆ. ತಂದೆಯವರು ಕನ್ನಡಕವನ್ನು ಪಂಚೆಯ ತುದಿಯಿಂದ ಒರೆಸಿಕೊಂಡು ಬಹಳ ಹೊತ್ತು ನೋಡಿದರು.

"ಇದ ಇರಲಿ" ಎಂದು ಹಸಿರಿನ ಮೇಲೆ ಬೆರಳಿಟ್ಟರು. ಅನಂತರ, "ಇನ್ನೊಂಚೂರು ಕೆಳಗ ಇಳಸು, ಕಳೆ ಬಂದಾವೇನು ನೋಡೋಣು" ಎಂದರು.