ಹಳೆಯ ಕಾರಿಗೊಂದು ಪೆಟ್ರೋಲ್ ಟ್ಯಾಂಕು

ನಿಮ್ಮ ಮನೆಯಂಗಳದ ಮೂಲೆಯಲ್ಲಿ ತಂದೆಯೋ ಅಜ್ಜನೋ ಓಡಿಸುತ್ತಿದ್ದ ಅಂಬಾಸಿಡರ್ ಕಾರೊಂದು ಟರ್ಪಾಲಿನಡಿ ನಿಂತಿದೆಯೇ? ಅದನ್ನು ಮತ್ತೆ ರಸ್ತೆಗಿಳಿಸುವ ಆಸೆ ನಿಮ್ಮ ಮಗನಿಗೋ ಅಳಿಯನಿಗೋ ಹುಟ್ಟಿದೆಯೇ? ಇಂತಹ ಕಾರನ್ನು ಕೈಗೆತ್ತಿಕೊಂಡವರು ಸಾಮಾನ್ಯವಾಗಿ ಮೊದಲು ಎಂಜಿನ್ ಬಿಚ್ಚಿಸುತ್ತಾರೆ, ಬಣ್ಣ ಹೊಡೆಸುತ್ತಾರೆ, ಸೀಟಿಗೆ ಹೊಸ ರೆಕ್ಸಿನ್ ಹಾಕಿಸುತ್ತಾರೆ. ಪೆಟ್ರೋಲ್ ಟ್ಯಾಂಕಿನ ನೆನಪಾಗುವುದು ಕೊನೆಗೆ. ಅದೂ ಹಿಂದಿನ ಸೀಟಿನಲ್ಲಿ ಕುಳಿತ ಮಕ್ಕಳು ವಾಸನೆಗೆ ಮೂಗು ಮುಚ್ಚಿಕೊಂಡಾಗ. ಅಷ್ಟರಲ್ಲಿ ಕೈಯಲ್ಲಿದ್ದ ಹಣ ಮುಗಿದಿರುತ್ತದೆ. ‘ಸ್ವಲ್ಪ ಎಂಸೀಲ್ ಮೆತ್ತಿಬಿಡಿ’ ಎಂಬ ಮಾತು ಬರುತ್ತದೆ. ಈ ಕೆಲಸದಲ್ಲಿ ಅಪಾಯ ಶುರುವಾಗುವುದೇ ಆ ಮಾತಿನಿಂದ.

ಟ್ಯಾಂಕ್ ಹಾಳಾಗುವುದು ಸಾಮಾನ್ಯವಾಗಿ ಒಳಗಿನಿಂದ. ಅರ್ಧ ಖಾಲಿ ಟ್ಯಾಂಕಿನಲ್ಲಿ ಉಳಿದ ಜಾಗವನ್ನು ಗಾಳಿ ತುಂಬಿರುತ್ತದೆ. ರಾತ್ರಿಯ ತಂಪಿಗೆ ಆ ಗಾಳಿಯಲ್ಲಿರುವ ತೇವ ಹನಿಯಾಗಿ ಇಳಿಯುತ್ತದೆ. ನೀರು ಪೆಟ್ರೋಲಿಗಿಂತ ಭಾರ, ಆದ್ದರಿಂದ ತಳ ಸೇರಿ ಅಲ್ಲಿಯೇ ಕೂರುತ್ತದೆ. ಮಲೆನಾಡು, ಕರಾವಳಿಯ ಮಳೆಗಾಲವನ್ನು ಹತ್ತಾರು ಬಾರಿ ಕಂಡ ಟ್ಯಾಂಕಿನ ತಳ ಜರಡಿಯಾಗುವುದರಲ್ಲಿ ಆಶ್ಚರ್ಯವಿಲ್ಲ. ಹಿಂದಿನ ಕಾಲದ ಟ್ಯಾಂಕುಗಳನ್ನು ಸೀಸ ಮತ್ತು ತವರದ ಲೇಪವಿದ್ದ ಉಕ್ಕಿನ ತಗಡಿನಿಂದ ಮಾಡುತ್ತಿದ್ದರು. ಆ ಲೇಪವೇ ಅದರ ಆಯುಷ್ಯವಾಗಿತ್ತು. ಈಗ ಅದಕ್ಕೂ ಹೊಸ ಪೀಡೆ ಬಂದಿದೆ. ನಮ್ಮ ಪೆಟ್ರೋಲಿನಲ್ಲಿ ಎಥನಾಲ್ ಬೆರೆಸುವ ಪ್ರಮಾಣ 2022ರಲ್ಲಿ ಶೇ. 10ಕ್ಕೆ ತಲುಪಿತು, ಶೇ. 20 ಬೆರೆಸಿದ ಪೆಟ್ರೋಲ್ 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಬಿಡುಗಡೆಯಾಗಿ ನಂತರ ದೇಶದ ಬಂಕುಗಳಿಗೆಲ್ಲ ಹಬ್ಬಿತು. ಎಥನಾಲ್ ನೀರನ್ನು ಹೀರಿಕೊಳ್ಳುವ ವಸ್ತು. ದಿನವೂ ಓಡುವ ಕಾರಿನಲ್ಲಿ ಇದು ಅಷ್ಟಾಗಿ ಬಾಧಿಸದು. ಆದರೆ ಮದುವೆಗೋ ಹಬ್ಬಕ್ಕೋ ಮಾತ್ರ ಹೊರಬರುವ ಕಾರಿನಲ್ಲಿ ತಿಂಗಳುಗಟ್ಟಲೆ ನಿಂತರೆ, ನೀರು ಹೀರಿದ ಎಥನಾಲ್ ಪೆಟ್ರೋಲಿನಿಂದ ಬೇರ್ಪಟ್ಟು ತಳದಲ್ಲಿ ಪದರವಾಗಿ ನಿಂತು ಲೋಹವನ್ನು ತಿನ್ನುತ್ತದೆ. ಹಳೆಯ ರಬ್ಬರ್ ಕೊಳವೆಯೂ ಮೆತ್ತಗಾಗಿ ಬಿರುಕು ಬಿಡುತ್ತದೆ.

ಹಾಗಾದರೆ ಬದಲಿ ಟ್ಯಾಂಕನ್ನು ಎಲ್ಲಿ ಹುಡುಕಬೇಕು? ಅಂಬಾಸಿಡರ್ ವಿಷಯದಲ್ಲಿ ನೀವು ಅದೃಷ್ಟವಂತರು. ಬ್ರಿಟನ್ನಿನ ಮೋರಿಸ್ ಆಕ್ಸ್‌ಫರ್ಡ್ ಮಾದರಿಯಿಂದ ಹುಟ್ಟಿದ ಈ ಕಾರು 1950ರ ದಶಕದ ಕೊನೆಯಿಂದ 2014ರವರೆಗೆ ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ ತಯಾರಾಗುತ್ತಿತ್ತು. ಅಷ್ಟು ವರ್ಷಗಳಲ್ಲಿ ಅದರ ಮೈಕಟ್ಟು ಬದಲಾದದ್ದು ಕಡಿಮೆ. ಆದ್ದರಿಂದ ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳು, ಶಿವಾಜಿನಗರದ ಗುಜರಿ, ಚೆನ್ನೈನ ಪುದುಪೇಟೆ, ದಿಲ್ಲಿಯ ಮಾಯಾಪುರಿ ಇವುಗಳಲ್ಲಿ ವಿಚಾರಿಸಿದರೆ ಪ್ರಯೋಜನವಾದೀತು. ಆದರೆ ‘ಅಂಬಾಸಿಡರ್ ಟ್ಯಾಂಕ್ ಕೊಡಿ’ ಎಂದು ಬರಿಗೈಯಲ್ಲಿ ಹೋಗಬೇಡಿ. ಹಳೆಯದನ್ನು ಬಿಚ್ಚಿ, ರಟ್ಟಿನ ಮೇಲೆ ಅದರ ಅಚ್ಚು ತೆಗೆಯಿರಿ. ಬೋಲ್ಟಿನ ತೂತುಗಳ ನಡುವಿನ ಅಂತರ, ಪೆಟ್ರೋಲ್ ಸುರಿಯುವ ಕುತ್ತಿಗೆಯ ಅಗಲ ಮತ್ತು ಬಾಗು, ಗೇಜಿನ ತೂತಿನ ಸುತ್ತಲಿರುವ ಸ್ಕ್ರೂಗಳ ಸಂಖ್ಯೆ ಇವನ್ನೆಲ್ಲ ಗುರುತಿಸಿಕೊಳ್ಳಿರಿ. ಆ ರಟ್ಟು ನಿಮ್ಮ ಕೈಯಲ್ಲಿದ್ದರೆ ಅಂಗಡಿಯವನ ಮಾತಿನ ಧಾಟಿಯೇ ಬದಲಾಗುತ್ತದೆ.

ಡೀಸೆಲ್ ಅಂಬಾಸಿಡರಿನ ಟ್ಯಾಂಕ್ ಸುಲಭವಾಗಿ ಸಿಗಬಹುದು. ಅದರಲ್ಲಿ ಎಂಜಿನಿನಿಂದ ಮಿಕ್ಕ ಇಂಧನ ವಾಪಸು ಬರಲು ಹೆಚ್ಚಿನ ಒಂದು ಕೊಳವೆ ಇರುತ್ತದೆ. ಪೆಟ್ರೋಲ್ ಕಾರಿಗೆ ಹಾಕುವುದಾದರೆ ಆ ಬಾಯಿಯನ್ನು ಲೋಹದ ಬಿರಡೆಯಿಂದ ಭದ್ರವಾಗಿ ಮುಚ್ಚಿಸಬೇಕು. ರಬ್ಬರ್ ತುಂಡು ತುರುಕಿ ಕ್ಲಿಪ್ ಹಾಕಿದರೆ ಸಾಲದು.

ಜೀಪು ಅಥವಾ ಫೋಕ್ಸ್‌ವ್ಯಾಗನ್ ಬೀಟಲ್ ನಿಮ್ಮದಾಗಿದ್ದರೆ ಇನ್ನೂ ಎಚ್ಚರ ಬೇಕು. ಹಳೆಯ ವಿಲ್ಲೀಸ್ ಜೀಪಿನಲ್ಲಿ ಟ್ಯಾಂಕ್ ಇರುವುದು ಚಾಲಕನ ಸೀಟಿನ ಕೆಳಗೆ. ಬೀಟಲ್‌ನಲ್ಲಿ ಮುಂದಿನ ಬಾನೆಟ್ಟಿನಡಿ, ಹೆಚ್ಚುಕಡಿಮೆ ಕುಳಿತವರ ಮೊಣಕಾಲಿನ ಎದುರು. ಅಲ್ಲಿ ಸೋರಿಕೆಯೆಂದರೆ ಮಡಿಲಲ್ಲೇ ಸೋರಿದಂತೆ.

ಎಲ್ಲಿಯೂ ಸಿಗದಿದ್ದಾಗ ಹೊಸದಾಗಿ ಮಾಡಿಸುವುದು ಅಥವಾ ಬೇರೆ ವಾಹನದ್ದನ್ನು ಹೊಂದಿಸುವುದು ಉಳಿದ ದಾರಿ. ಇಲ್ಲಿ ಒಂದು ಮಾತನ್ನು ಮೆಕ್ಯಾನಿಕ್‌ಗೆ ಮೊದಲೇ ಹೇಳಿಬಿಡಿ: ಟ್ಯಾಂಕನ್ನು ಕಾರಿಗೆ ಹೊಂದಿಸಬೇಕೇ ಹೊರತು ಕಾರನ್ನು ಟ್ಯಾಂಕಿಗಾಗಿ ಕತ್ತರಿಸಬಾರದು. ಡಿಕ್ಕಿಯ ತಳವನ್ನು ಕೊಯ್ದು, ಚಾಸಿಸ್ಸಿಗೆ ಪಟ್ಟಿ ಬೆಸೆದು ದೊಡ್ಡ ಟ್ಯಾಂಕ್ ಕೂರಿಸುವುದು ಕೆಲವರಿಗೆ ಜಾಣತನವೆನಿಸುತ್ತದೆ. ಆದರೆ ಕೇಂದ್ರ ಸರಕಾರ 2021ರಲ್ಲಿ ತಂದ ವಿಂಟೇಜ್ ನಿಯಮದ ಪ್ರಕಾರ, ಐವತ್ತು ವರ್ಷ ದಾಟಿದ ಕಾರಿಗೆ ‘ವಿಎ’ ಅಕ್ಷರಗಳಿರುವ ವಿಶೇಷ ನೋಂದಣಿ ಸಿಗಬೇಕಾದರೆ ಅದು ಮೂಲ ರೂಪದಲ್ಲಿರಬೇಕು. ಚಾಸಿಸ್, ಬಾಡಿ, ಎಂಜಿನ್ ಇವುಗಳಲ್ಲಿ ದೊಡ್ಡ ಮಾರ್ಪಾಡು ಆಗಿರಬಾರದು. ಬೋಲ್ಟ್ ಬಿಚ್ಚಿದರೆ ಹೊರಬರುವ ಟ್ಯಾಂಕ್ ಬೇರೆ, ಗ್ಯಾಸ್ ಕಟರ್ ಆಡಿಸಿದ ಬಾಡಿ ಬೇರೆ. ಹಳೆಯ ಟ್ಯಾಂಕ್ ತೂತಾಗಿದ್ದರೂ ಗುಜರಿಗೆ ಹಾಕಬೇಡಿ, ಒಣಗಿಸಿ ಜೋಪಾನವಾಗಿಡಿ. ಮುಂದೆ ಅದೇ ಅಳತೆಗೋಲು.

ಟ್ಯಾಂಕ್ ಎಂದರೆ ಬರಿಯ ಡಬ್ಬಿಯಲ್ಲ ಎಂಬುದು ಹೊಸದನ್ನು ಮಾಡಿಸಲು ಹೋದಾಗ ತಿಳಿಯುತ್ತದೆ. ಅಳತೆಯ ಲೆಕ್ಕವೇನೋ ಸರಳ. 70 ಸೆಂ.ಮೀ. ಉದ್ದ, 50 ಸೆಂ.ಮೀ. ಅಗಲ, 15 ಸೆಂ.ಮೀ. ಎತ್ತರವಿದ್ದರೆ 52.5 ಲೀಟರ್ ಹಿಡಿಸುತ್ತದೆ. ಆದರೆ ಅಷ್ಟನ್ನೂ ತುಂಬುವಂತಿಲ್ಲ. ಹತ್ತು ಡಿಗ್ರಿ ಬಿಸಿಲೇರಿದರೆ ಪೆಟ್ರೋಲ್ ಸುಮಾರು ಶೇ. 1ರಷ್ಟು ಹಿಗ್ಗುತ್ತದೆ. ತುಂಬಿ ತುಳುಕುವ ಟ್ಯಾಂಕನ್ನು ಬಿಸಿಲಲ್ಲಿ ನಿಲ್ಲಿಸಿದರೆ ಅದು ಹೊರಗೇ ಬರಬೇಕು. ಇನ್ನು ಒಳಗೆ ತೂತುಳ್ಳ ಅಡ್ಡ ತಗಡುಗಳಿರಬೇಕು. ಅವಿಲ್ಲದಿದ್ದರೆ ಘಾಟಿಯ ತಿರುವಿನಲ್ಲಿ ಮೂವತ್ತು ಲೀಟರ್ ಇಂಧನ ಒಮ್ಮೆಲೇ ಒಂದು ಬದಿಗೆ ಅಪ್ಪಳಿಸಿ ಬೆಸುಗೆಯನ್ನು ಸಡಿಲಿಸುತ್ತದೆ. ಹೀರುವ ಕೊಳವೆಯ ತುದಿ ತಳಕ್ಕೆ ತಾಗದೆ ಒಂದೆರಡು ಸೆಂ.ಮೀ. ಮೇಲಿರಲಿ, ತಳದ ಕೆಸರು ಅಲ್ಲೇ ಉಳಿಯಲಿ. ಅದನ್ನು ತೆಗೆಯಲು ಕೆಳಗೊಂದು ಬಿರಡೆ ಇರಲಿ.

ತಗಡಿನ ಬಗ್ಗೆ ಜಗಳಗಳುಂಟು. ಹಿತ್ತಲಿನ ಬಕೆಟ್ಟಿಗೆ ಬಳಸುವ ಸತುವು ಲೇಪಿತ ತಗಡು ಅಗ್ಗವೆಂದು ಕೆಲವರು ಸೂಚಿಸುತ್ತಾರೆ. ಬೇಡ. ಡೀಸೆಲ್ ಜೊತೆ ಸತುವು ಸೇರಿ ಸಾಬೂನಿನಂತಹ ಅಂಟಾಗಿ ಫಿಲ್ಟರನ್ನು ಕಟ್ಟುತ್ತದೆ; ಎಥನಾಲ್ ಇರುವ ಪೆಟ್ರೋಲೂ ಸತುವನ್ನು ಬಿಡುವುದಿಲ್ಲ. ಅಲ್ಯುಮಿನಿಯಂ ಹಗುರ, ತುಕ್ಕಿಲ್ಲ, ಆದರೆ ಉಕ್ಕಿನ ಬಾಡಿಗೆ ನೇರವಾಗಿ ತಾಗಿದರೆ ತೇವದಲ್ಲಿ ಅದೇ ಸವೆಯುತ್ತದೆ. ಆದ್ದರಿಂದ ನಡುವೆ ರಬ್ಬರ್ ಪಟ್ಟಿ ಬೇಕು. ಸ್ಟೈನ್‌ಲೆಸ್ ಸ್ಟೀಲ್ ಚೆನ್ನಾಗಿ ಬಾಳುತ್ತದೆ, ಆದರೆ ಬೆಸುಗೆ ಒರಟಾದರೆ ಅಲುಗಾಟಕ್ಕೆ ಬಿರುಕು ಬಿಡಬಹುದು. ನನ್ನನ್ನು ಕೇಳಿದರೆ, ಒಳ್ಳೆಯ ಕೈ ಸಿಕ್ಕರೆ ಸ್ಟೈನ್‌ಲೆಸ್. ಇಲ್ಲವಾದರೆ ಸಾದಾ ಉಕ್ಕು, ಹೊರಗೆ ಎರಡು ಸಲ ಬಣ್ಣ. ಒಳಗೆ ಸುರಿಯುವ ಲೇಪದ ದ್ರಾವಣ ಕೊಳ್ಳುವುದಾದರೆ ಅದು ಎಥನಾಲ್ ತಾಳುತ್ತದೆಯೇ ಎಂದು ಡಬ್ಬಿಯ ಮೇಲೆ ಓದಿಕೊಳ್ಳಿ. ತಾಳದ್ದು ಕೆಲವು ತಿಂಗಳಲ್ಲಿ ಸಿಪ್ಪೆಯೆದ್ದು ಕಾರ್ಬ್ಯುರೇಟರ್ ಸೇರುತ್ತದೆ. ಕೊಳವೆಗಳಿಗೂ ಇದೇ ಮಾತು: ಎಸ್‌ಎಇ ಜೆ30 ಆರ್9 ಎಂದು ಮುದ್ರಿಸಿದ ಹೋಸು ಎಥನಾಲನ್ನು ತಡೆಯುತ್ತದೆ.

ಈಗ ಬೆಸುಗೆಯ ವಿಷಯ. ಇದನ್ನು ದಯವಿಟ್ಟು ನಿಧಾನವಾಗಿ ಓದಿರಿ. ತುಂಬಿದ ಟ್ಯಾಂಕಿಗಿಂತ ‘ಖಾಲಿ’ ಟ್ಯಾಂಕ್ ಹೆಚ್ಚು ಅಪಾಯಕಾರಿ. ಉರಿಯುವುದು ದ್ರವವಲ್ಲ, ಆವಿ. ಗಾಳಿಯಲ್ಲಿ ಪೆಟ್ರೋಲ್ ಆವಿ ಸುಮಾರು ಶೇ. 1.4ರಿಂದ 7.6ರಷ್ಟಿದ್ದರೆ ಒಂದು ಕಿಡಿಗೆ ಸಿಡಿಯುತ್ತದೆ. ಸುರಿದು ಖಾಲಿ ಮಾಡಿದ ಟ್ಯಾಂಕಿನ ಮಡಿಕೆಗಳಲ್ಲಿ, ತುಕ್ಕಿನ ಪದರಗಳಲ್ಲಿ ಉಳಿದ ಕೆಲವೇ ಚಮಚ ಪೆಟ್ರೋಲ್ ಅದಕ್ಕೆ ಧಾರಾಳವಾಗಿ ಸಾಕು. ಆವಿ ಗಾಳಿಗಿಂತ ಭಾರವಾದ್ದರಿಂದ ಬಾಯಿ ತೆರೆದಿಟ್ಟ ಮಾತ್ರಕ್ಕೆ ಹಾರಿಹೋಗದು. ಹಳೆಯ ಟ್ಯಾಂಕಿಗೆ ಬೆಸುಗೆ ಹಾಕುವಾಗ ಸಿಡಿದು ಪ್ರಾಣ ಕಳೆದುಕೊಂಡವರ ಸುದ್ದಿಯನ್ನು ನೀವೂ ಓದಿರಬಹುದು. ಗ್ಯಾರೇಜಿನಲ್ಲಿ ಟಾರ್ಚ್ ಹಿಡಿಯುವವನು ಸಾಮಾನ್ಯವಾಗಿ ಇಪ್ಪತ್ತರ ಹರೆಯದ ಹುಡುಗ, ಯಾವುದೋ ಮನೆಯ ಆಧಾರ. ಟ್ಯಾಂಕನ್ನು ಸೋಪಿನ ಬಿಸಿನೀರಿನಿಂದ ಪದೇ ಪದೇ ತೊಳೆದು, ಗಂಟೆಗಟ್ಟಲೆ ಉಗಿ ಹಾಯಿಸಿ, ಬೆಸುಗೆಯ ಜಾಗದ ಸಮೀಪದವರೆಗೆ ನೀರು ತುಂಬಿಸಿಯೋ ಜಡ ಅನಿಲ ಹಾಯಿಸಿಯೋ ಮಾಡುವವರಲ್ಲಿಗೆ ಮಾತ್ರ ಒಯ್ಯಿರಿ. ರೇಡಿಯೇಟರ್ ರಿಪೇರಿಯವರಲ್ಲಿ ಈ ಅಭ್ಯಾಸವಿರುವವರು ಸಿಗುತ್ತಾರೆ. ‘ಏನೂ ಆಗಲ್ಲ ಸಾರ್, ಖಾಲಿಯಿದೆ’ ಎನ್ನುವವರಿಂದ ಟ್ಯಾಂಕನ್ನು ವಾಪಸು ಎತ್ತಿಕೊಂಡು ಬನ್ನಿ.

ಮನೆಯಲ್ಲೇ ತುಕ್ಕು ತೆಗೆಯುವವರು ಹಳೆಯ ಲೇಪದಲ್ಲಿ ಸೀಸವಿದೆಯೆಂಬುದನ್ನು ಮರೆಯಬಾರದು. ಅದನ್ನು ಒಣದಾಗಿ ಉಜ್ಜಿದರೆ ಏಳುವ ಧೂಳು ಪುಟ್ಟ ಮಕ್ಕಳ ಮಿದುಳಿಗೆ ವಿಷ. ಹಳಸಿದ ಪೆಟ್ರೋಲನ್ನು ಚರಂಡಿಗೋ ತೆಂಗಿನ ಬುಡಕ್ಕೋ ಸುರಿದರೆ ಅದು ಬಾವಿಯ ನೀರಿನಲ್ಲಿ ಕಾಣಿಸಿಕೊಂಡೀತು. ಗ್ಯಾರೇಜಿನ ತ್ಯಾಜ್ಯ ಎಣ್ಣೆಯ ಪೀಪಾಯಿಗೇ ಕೊಡಿ. ಟ್ಯಾಂಕ್ ಬರುವವರೆಗೆಂದು ಡಿಕ್ಕಿಯಲ್ಲಿ ಪ್ಲಾಸ್ಟಿಕ್ ಕ್ಯಾನ್ ಇಟ್ಟು ಪೈಪ್ ಎಳೆಯುವ ಉಪಾಯವನ್ನಂತೂ ಯಾರೇ ಹೇಳಿದರೂ ಕೇಳಬೇಡಿ.

ಹೊಸ ಟ್ಯಾಂಕನ್ನು ಕೂರಿಸುವ ಮುನ್ನ ನೀರು ತುಂಬಿಸಿ ಒಂದು ರಾತ್ರಿ ಒಣ ಸಿಮೆಂಟು ನೆಲದ ಮೇಲೆ ಇಟ್ಟು ನೋಡಿ, ನಂತರ ಪೂರ್ತಿ ಒಣಗಿಸಿ. ಗಾಳಿ ಹಾಕಿ ಪರೀಕ್ಷಿಸುವುದಾದರೆ ಎರಡು ಮೂರು ಪಿಎಸ್‌ಐ ಒತ್ತಡ ಸಾಕು. ಟಯರಿಗೆ ಬಿಡುವಂತೆ ಬಿಟ್ಟರೆ ಚಪ್ಪಟೆ ಟ್ಯಾಂಕ್ ಪೂರಿಯಂತೆ ಉಬ್ಬಿ ಒಡೆಯುತ್ತದೆ.

ಕೂರಿಸಿದ ಮೇಲೂ ಒಂದು ತಮಾಷೆ ಕಾದಿರುತ್ತದೆ. ಕಾರು ಚೆನ್ನಾಗಿ ಹೊರಟು ನಾಲ್ಕಾರು ಕಿಲೋಮೀಟರ್ ಹೋಗಿ ನಿಲ್ಲುತ್ತದೆ. ಅರ್ಧ ಗಂಟೆ ಬಿಟ್ಟರೆ ಮತ್ತೆ ಹೊರಡುತ್ತದೆ. ಪಂಪು ಬದಲಿಸಿದರೂ ಅಷ್ಟೇ, ಪ್ಲಗ್ಗು ಬದಲಿಸಿದರೂ ಅಷ್ಟೇ. ಆಗ ಟ್ಯಾಂಕಿನ ಮುಚ್ಚಳ ತೆರೆದು ನೋಡಿ. ‘ಸುಯ್’ ಎಂದು ಗಾಳಿ ಒಳಗೆಳೆದುಕೊಂಡರೆ ಕಾರಣ ಅದೇ. ಹಳೆಯ ಅನೇಕ ಕಾರುಗಳ ಟ್ಯಾಂಕ್ ಉಸಿರಾಡುವುದು ಮುಚ್ಚಳದ ಸಣ್ಣ ರಂಧ್ರದಿಂದ. ಬೇರೆ ವಾಹನದ ಬಿಗಿ ಮುಚ್ಚಳ ಹಾಕಿದರೆ ಪೆಟ್ರೋಲ್ ಹೋದ ಜಾಗಕ್ಕೆ ಗಾಳಿ ಬರದೆ ಪಂಪು ಸೋಲುತ್ತದೆ.

ಗೇಜಿನ ಮುಳ್ಳು ಸುಳ್ಳು ಹೇಳುವುದು ಕೊನೆಯ ತೊಂದರೆ. ಟ್ಯಾಂಕಿನೊಳಗಿನ ತೇಲುಬುರುಡೆ ಒಂದು ವಿದ್ಯುತ್ ರೋಧವನ್ನು ಹೆಚ್ಚುಕಡಿಮೆ ಮಾಡುತ್ತದೆ. ಕೆಲವು ಅಮೆರಿಕನ್ ಮಾದರಿಗಳಲ್ಲಿ ಖಾಲಿಗೆ 240 ಓಮ್, ತುಂಬಿದಾಗ 33. ಯುರೋಪಿನ ಸಾಮಾನ್ಯ ಮಾದರಿಯಲ್ಲಿ ಖಾಲಿಗೆ 10, ತುಂಬಿದಾಗ 180. ಒಂದರ ಬುರುಡೆಗೆ ಇನ್ನೊಂದರ ಗೇಜು ಹಾಕಿದರೆ ಖಾಲಿ ಟ್ಯಾಂಕ್ ಭರ್ತಿಯೆಂದು ತೋರಿಸೀತು. ಸಾಧ್ಯವಾದರೆ ಹಳೆಯ ಕಾರಿನ ಬುರುಡೆಯನ್ನೇ ಹೊಸ ಟ್ಯಾಂಕಿಗೆ ಇಳಿಸಿ, ಅದರ ಸರಳನ್ನು ಹೊಸ ಎತ್ತರಕ್ಕೆ ಸರಿಯಾಗಿ ಬಾಗಿಸಿಕೊಳ್ಳಿ. ಬಳಿಕ ಬಂಕಿನಲ್ಲಿ ಒಂದೇ ಸಲ ತುಂಬಿಸದೆ ಐದೈದು ಲೀಟರಿನಂತೆ ಹಾಕಿಸುತ್ತ, ಪ್ರತಿ ಸಲ ಮುಳ್ಳು ಎಲ್ಲಿ ನಿಂತಿತೆಂದು ಚೀಟಿಯಲ್ಲಿ ಬರೆದು, ಅದನ್ನು ಡ್ಯಾಶ್‌ಬೋರ್ಡಿನ ಖಾನೆಯಲ್ಲಿ ಇಟ್ಟುಬಿಡಿ. ಮುಂದೆ ಕಾರನ್ನು ಕೇಳಿ ಪಡೆದು ಒಯ್ಯುವ ಅಳಿಯನಿಗೂ ಉಪಯೋಗವಾಗುತ್ತದೆ.