ದೇಶಮುಖರು ಕೇಳಿದ್ದು ವರ್ಷ, ಉಳಿದದ್ದು ವಾರ

ಪದವಿ ತರಗತಿಗೆ ಸೇರುವ ಮುನ್ನ ಪ್ರತಿಯೊಬ್ಬ ವಿದ್ಯಾರ್ಥಿಯೂ ಒಂಬತ್ತು ತಿಂಗಳಿಂದ ಒಂದು ವರ್ಷ ಕಾಲ ರಾಷ್ಟ್ರಸೇವೆ ಮಾಡಲೇಬೇಕೆಂದು 1959ರಲ್ಲಿ ನೇಮಕವಾದ ಸಿ.ಡಿ. ದೇಶಮುಖ್ ಸಮಿತಿ ಹೇಳಿತು. ದೇಶಮುಖರು ರಿಸರ್ವ್ ಬ್ಯಾಂಕಿನ ಗವರ್ನರ್ ಆಗಿದ್ದವರು, ದೇಶದ ಹಣಕಾಸು ಮಂತ್ರಿಯಾಗಿದ್ದವರು. ದುಡ್ಡಿನ ಲೆಕ್ಕ ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಆದರೂ ಖರ್ಚಿನ ಕಾರಣಕ್ಕೆ ಆ ಶಿಫಾರಸು ಮೂಲೆ ಸೇರಿತು. ಮುಂದೆ ಕೆ.ಜಿ. ಸೈಯದೈನ್ ಹಲವು ದೇಶಗಳ ಯುವಜನ ಸೇವೆಯನ್ನು ಅಧ್ಯಯನ ಮಾಡಿ, ಕಡ್ಡಾಯ ಬೇಡ, ಮನಸ್ಸಿದ್ದವರು ಬರಲಿ ಎಂದರು. ಈ ಸೈಯದೈನ್ ಗಾಂಧೀಜಿಯ ಮೂಲಶಿಕ್ಷಣಕ್ಕೆ ಪಠ್ಯಕ್ರಮ ರೂಪಿಸಿದ ಜಾಕಿರ್ ಹುಸೇನ್ ಸಮಿತಿಯ ಸದಸ್ಯರೂ ಆಗಿದ್ದವರು. ಇಬ್ಬರ ಮಾತಿನಲ್ಲೂ ಸತ್ಯವಿತ್ತು. ನಾವು ಸೈಯದೈನ್ ಅವರ ಮಾತನ್ನು ಒಪ್ಪಿಕೊಂಡೆವು, ಅದು ಸರಿಯೇ. ಆದರೆ ಹಳ್ಳಿಯ ಕೆಲಸಕ್ಕೆ ದೀರ್ಘ ಕಾಲ ಬೇಕೆಂಬ ದೇಶಮುಖರ ತಿಳಿವಳಿಕೆಯನ್ನೂ ಅದರ ಜೊತೆಗೇ ಕೈಬಿಟ್ಟೆವು. ನಷ್ಟವಾದದ್ದು ಅಲ್ಲಿ.

ಪದೇ ಪದೇ ಹಳ್ಳಿಗೆ ಹೋಗುವ ಮಾತು ದೇಶಮುಖರಿಗಿಂತ ಹಳೆಯದು. ಗಾಂಧೀಜಿ 1941ರಲ್ಲಿ ಬರೆದ ರಚನಾತ್ಮಕ ಕಾರ್ಯಕ್ರಮದ ಕಿರುಹೊತ್ತಗೆಯನ್ನು 1945ರಲ್ಲಿ ಪರಿಷ್ಕರಿಸಿದರು. ಅದರ 18 ಅಂಶಗಳಲ್ಲಿ ಕೊನೆಯದು ವಿದ್ಯಾರ್ಥಿಗಳದು. ಗಾಯಗೊಂಡ ನೆರೆಯವರಿಗೆ ಪ್ರಥಮ ಚಿಕಿತ್ಸೆ ಮಾಡಿ, ಅಕ್ಕಪಕ್ಕದ ಹಳ್ಳಿಗಳಲ್ಲಿ ಕಸ ಗುಡಿಸಿ, ಮಕ್ಕಳಿಗೂ ದೊಡ್ಡವರಿಗೂ ಪಾಠ ಹೇಳಿ ಎಂಬುದು ಅಲ್ಲಿನ ಸೂಚನೆ. ಅವರು ಆರಿಸಿದ್ದು ದೂರದ ಊರನ್ನಲ್ಲ, ಅಕ್ಕಪಕ್ಕದ ಊರನ್ನು. ಪಕ್ಕದ ಊರಿಗೆ ಮತ್ತೆ ಮತ್ತೆ ಹೋಗಬಹುದು. ಹಾಗೆ ಹೋದಾಗಲೇ ಹೋದ ಸಲ ಗುಡಿಸಿದ ಬೀದಿ ಮತ್ತೆ ಯಾಕೆ ಕೊಳೆಯಾಯಿತು, ಯಾವ ಕೇರಿಯವರಿಗೆ ಬಾವಿಯ ನೀರು ಸಿಗುವುದಿಲ್ಲ ಎಂಬುದೆಲ್ಲ ವಿದ್ಯಾರ್ಥಿಗೆ ತಿಳಿಯುತ್ತದೆ.

ಸೈಯದೈನ್ ಅವರ ಸಲಹೆಯ ಆಮೇಲೆ ಶಿಕ್ಷಣ ಕುರಿತ ಕೊಠಾರಿ ಆಯೋಗ, ಮಂತ್ರಿಗಳ ಸಭೆ, ಕುಲಪತಿಗಳ ಸಭೆ ಎಂದು ವರ್ಷಗಳು ಉರುಳಿದವು. ಕೊನೆಗೆ ಗಾಂಧಿ ಶತಮಾನೋತ್ಸವದ ವರ್ಷ, 1969ರ ಸೆಪ್ಟೆಂಬರ್ 24ರಂದು, 37 ವಿಶ್ವವಿದ್ಯಾಲಯಗಳ 40,000 ವಿದ್ಯಾರ್ಥಿಗಳೊಂದಿಗೆ ರಾಷ್ಟ್ರೀಯ ಸೇವಾ ಯೋಜನೆ ಶುರುವಾಯಿತು. ಚಾಲನೆ ಕೊಟ್ಟ ಕೇಂದ್ರ ಶಿಕ್ಷಣ ಮಂತ್ರಿ ವಿ.ಕೆ.ಆರ್.ವಿ. ರಾವ್ ಆಗ ನಮ್ಮ ಬಳ್ಳಾರಿಯ ಸಂಸದರು. ಯೋಜನೆಯಲ್ಲಿ ಸೇವೆಗೆ ನಿಗದಿಯಾದದ್ದು ಎರಡು ವರ್ಷಕ್ಕೆ 240 ಗಂಟೆ, ಜೊತೆಗೊಂದು ವಿಶೇಷ ಶಿಬಿರ. ಈಗ ಆ ಶಿಬಿರ ಏಳು ದಿನದ್ದು. ಬೆಳಿಗ್ಗೆ ಧ್ವಜಾರೋಹಣ, ಗುದ್ದಲಿ ಸನಿಕೆ ಹಿಡಿದು ಶ್ರಮದಾನ, ಮಧ್ಯಾಹ್ನ ಉಪನ್ಯಾಸ, ಸಂಜೆ ಜಾಥಾ, ರಾತ್ರಿ ಶಾಲೆಯ ಜಗಲಿಯಲ್ಲಿ ಹಾಡು, ನಾಟಕ. ಮಕ್ಕಳ ಬೆವರು ಸುಳ್ಳಲ್ಲ. ಆದರೆ ಅವರು ಹೂಳೆತ್ತಿದ ಚರಂಡಿ ಮಳೆಗಾಲ ಕಳೆದ ಮೇಲೆ ಹೇಗಿದೆಯೆಂದು ನೋಡಲು ಅದೇ ಮಕ್ಕಳು ಮರಳಿ ಬರದಿದ್ದರೆ, ಅವರಿಗೆ ಹಳ್ಳಿ ಗೊತ್ತಾಗುವುದು ಹೇಗೆ?

ಪರೀಕ್ಷೆಯ ಒತ್ತಡದ ನಡುವೆ ಒಂದು ವಾರ ಸಿಗುವುದೇ ಹೆಚ್ಚು ಎಂದು ಮೇಷ್ಟ್ರುಗಳು ಹೇಳುತ್ತಾರೆ. ಕಷ್ಟ ನಿಜ. ಆದರೆ ದೇಶಮುಖರ ಒಂದು ವರ್ಷವನ್ನು ಈಗ ಯಾರೂ ಕೇಳುತ್ತಿಲ್ಲ. ವರ್ಷಕ್ಕೆ 120 ಗಂಟೆ ನಿಯಮದಲ್ಲೇ ಇದೆ, ದತ್ತು ಗ್ರಾಮದ ವ್ಯವಸ್ಥೆಯೂ ಇದೆ. ಆ ಗಂಟೆಗಳನ್ನು ಕಾಲೇಜಿನ ಆವರಣ ಗುಡಿಸುವುದಕ್ಕೆ, ಗಣ್ಯರ ಸ್ವಾಗತಕ್ಕೆ ನಿಲ್ಲುವುದಕ್ಕೆ ಕಳೆಯದೆ ನಡೆದು ಹೋಗುವಷ್ಟು ಹತ್ತಿರದ ಒಂದೇ ಊರಿಗೆ ಕೊಡಬಹುದು. ಇಪ್ಪತ್ತರ ಹುಡುಗರು ರೈತನಿಗೆ ಏನು ಕಲಿಸಿಯಾರು ಎಂಬ ಆಕ್ಷೇಪವೂ ಇದೆ. ಅವರು ಮೊದಲು ಕಲಿಯಲಿಕ್ಕೇ ಹೋಗಬೇಕು. ಅದಕ್ಕಾದರೂ ಬೇಕಾದದ್ದು ಮತ್ತೆ ಮತ್ತೆ ಹೋಗಿಬರುವುದು. ಹಾಜರಿ ಪುಸ್ತಕದ ಪಕ್ಕದಲ್ಲಿ ಊರಿನದೇ ಒಂದು ಪುಸ್ತಕ ಇಡಲಿ. ಯಾವ ಕೊಳವೆಬಾವಿ ಬತ್ತಿತು, ಯಾವ ಮನೆಯ ಶೌಚಾಲಯ ಸೌದೆ ತುಂಬುವ ಕೋಣೆಯಾಯಿತು, ಯಾವ ಹುಡುಗಿ ಶಾಲೆ ಬಿಟ್ಟಳು ಎಂದು ಮೊದಲ ವರ್ಷದವರು ಬರೆದಿಡಲಿ, ಮುಂದಿನ ತಂಡ ಅದನ್ನು ಓದಿಕೊಂಡು ಅದೇ ಮನೆಗಳ ಬಾಗಿಲಿಗೆ ಹೋಗಲಿ. ಇದಕ್ಕೆ ಹೊಸ ಆಯೋಗವೂ ಬೇಡ, ಹೆಚ್ಚಿನ ಅನುದಾನವೂ ಬೇಡ.