ಹವಳ: ಕಡಲಿನ ಎಳೆಚಿಗುರು

ಹಿಂದಿನವರ ಕಾಣ್ಕೆಯನ್ನು ಒಡಲಲ್ಲಿರಿಸಿಕೊಂಡು ಬಾಳುವ ಶಬ್ದಗಳಲ್ಲಿ ‘ಹವಳ’ವೂ ಒಂದು. ಹಳಗನ್ನಡದಲ್ಲಿ ಇದು ‘ಪವಳ’. ಪಾಲು ಹಾಲಾದಂತೆ, ಪೂ ಹೂವಾದಂತೆ, ಪವಳವು ಹವಳವಾಯಿತು. ತಮಿಳಿನ ‘ಪವಳಂ’, ತೆಲುಗಿನ ‘ಪಗಡಮು’ ಇದರ ಒಡಹುಟ್ಟುಗಳು. ಪವಳವನ್ನು ಸಂಸ್ಕೃತ ‘ಪ್ರವಾಲ’ದ ತದ್ಭವವೆನ್ನುವುದು ವಾಡಿಕೆ. ಪ್ರವಾಲಕ್ಕೆ ಎಳೆಚಿಗುರೆಂಬ ಅರ್ಥವೂ ಉಂಟು. ಹವಳದ ಮತ್ತೊಂದು ಹೆಸರಾದ ‘ವಿದ್ರುಮ’ದಲ್ಲಿಯೂ ‘ದ್ರುಮ’ವಿದೆ, ದ್ರುಮವೆಂದರೆ ಮರ.

ನಮ್ಮ ಹೆಂಗಳೆಯರು ಮಾಂಗಲ್ಯದೊಡನೆ ಪೋಣಿಸಿಕೊಳ್ಳುವ ಈ ಕೆಂಪು ಮಣಿಗೆ ಮೆಡಿಟರೇನಿಯನ್ ಸಮುದ್ರವು ಪ್ರಾಚೀನವಾದ ತವರು. ರೋಮನ್ನರಿಗೆ ಭಾರತದ ಮುತ್ತು ಹೇಗೋ, ಭಾರತೀಯರಿಗೆ ಹವಳವು ಹಾಗೆ ಎಂದು ಒಂದನೆಯ ಶತಮಾನದ ಪ್ಲಿನಿ ಬರೆದಿದ್ದಾನೆ.

ಯೂರೋಪಿನ ಪಂಡಿತರೂ ಬಹುಕಾಲ ಹವಳವನ್ನು ಗಿಡವೆಂದೇ ಎಣಿಸಿದ್ದರು. 18ನೆಯ ಶತಮಾನದಲ್ಲಿ ಫ್ರಾನ್ಸಿನ ವೈದ್ಯ ಪೇಸೊನೆಲ್, ಅದರ ಹೂಗಳೆನಿಸಿದ್ದುವು ಪುಟ್ಟ ಪ್ರಾಣಿಗಳೆಂದು ಸಾರಿದನು. ಕೆಂಪು ಕೊಂಬೆಯು ಆ ಜೀವಿಗಳೆಲ್ಲ ಕೂಡಿ ಕಟ್ಟಿದ ಅಸ್ಥಿ.

ಹಾಗಾದರೆ ಹೆಸರು ಸುಳ್ಳಾಯಿತೆ? ಗಿಡವೆಂದೆಣಿಸಿದ್ದು ತಪ್ಪಿರಬಹುದು. ಆದರೆ ಕಲ್ಲಿನಂತೆ ಗಟ್ಟಿಯಾದ ಈ ವಸ್ತುವನ್ನು ಚಿಗುರೆಂದು ಕರೆದವರು, ಅದು ಬೆಳೆಯುವುದೆಂಬುದನ್ನು ಬಲ್ಲವರಾಗಿದ್ದರು. ಕೊರಳಿನ ಹವಳವು ಒಂದು ಕಾಲಕ್ಕೆ ಕಡಲಿನಲ್ಲಿ ಉಸಿರಾಡಿದ ಬದುಕೆಂಬುದನ್ನು ಆ ಹಳೆಯ ಹೆಸರೇ ಇಂದಿಗೂ ನೆನಪಿಸುತ್ತದೆ.